‘ಮಲಾ ವಾಟರ್ ಬೇಕು’ ಎಂದ ಹುಡುಗಿ ಮತ್ತು ಮಾತು ಬಿಟ್ಟ ಅಜ್ಜಿ

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ನನ್ನ ತವರು ಹುಬ್ಬಳ್ಳಿ, ಗಂಡನ ಮನೆ ಕುಂದಾಪುರ. ಮಗಳಿಗೆ ನಾಲ್ಕೂವರೆ ವರ್ಷ, ಜೂನಿಯರ್ ಕೆಜಿ. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಕ್ಲಾಸಿನಲ್ಲಿ ಬಾಯಿಯೇ ಬಿಡುವುದಿಲ್ಲವಂತೆ. ಕೆಳಗೆ ಬಿಲ್ಡಿಂಗಿನ ಮಕ್ಕಳ ಜೊತೆ ಮಾತ್ರ ಮರಾಠಿ, ಹಿಂದಿ ಪಟಪಟ ಮಾತಾಡುತ್ತಾಳೆ. ‘ಮನೆಯಲ್ಲಿ ಇಷ್ಟು ಭಾಷೆ ಇದ್ದರೆ ಮಗು ಕನ್‌ಫ್ಯೂಸ್ ಆಗುತ್ತದೆ, ಇಂಗ್ಲಿಷ್ ಒಂದನ್ನೇ ಮಾತಾಡಿ’ ಎಂದರು ಟೀಚರ್. ಮೂರು ತಿಂಗಳಿಂದ ಹಾಗೇ ಮಾಡುತ್ತಿದ್ದೇವೆ. ನಾನು ಹತ್ತನೇ ತನಕ ಕನ್ನಡ ಮೀಡಿಯಂ, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಅತ್ತೆಗೆ ಇಂಗ್ಲಿಷ್ ಬರುವುದೇ ಇಲ್ಲ. ಈಗ ಅವರು ಮೊಮ್ಮಗಳ ಜೊತೆ ಮಾತು ಬಿಟ್ಟು ಟಿವಿ ಮುಂದೆ ಕೂತಿರುತ್ತಾರೆ. ಮೊನ್ನೆ ಮಗಳು ‘ಮಲಾ ವಾಟರ್ ಬೇಕು’ ಅಂದಳು. ಗಂಡ ನಕ್ಕರು, ನನಗೆ ಅಳು ಬಂತು. ಒಂದು ಭಾಷೆಯೂ ನೆಟ್ಟಗೆ ಬಾರದ ಹಾಗೆ ಮಾಡಿಬಿಟ್ಟೆವೇ? ಹೇಗೂ ಇನ್ನು ಐವತ್ತು ವರ್ಷಕ್ಕೆ ಇಂಗ್ಲಿಷ್ ಎಲ್ಲ ಭಾಷೆಗಳನ್ನೂ ನುಂಗುತ್ತದೆ ಅನ್ನುತ್ತಾರಲ್ಲ, ಕನ್ನಡದ ಹಟ ಬಿಟ್ಟರೆ ತಪ್ಪೇ? ಅಂದ ಹಾಗೆ, ನೆಗಡಿಯಾದಾಗ ಕರೆದರೆ ತಿರುಗಿಯೂ ನೋಡುವುದಿಲ್ಲ. ಅದೂ ಹಟವೋ ಏನೋ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ. ಹೆಚ್ಚು ಭಾಷೆಯಿಂದ ಮಗುವಿಗೆ ತೊಂದರೆಯಾಯಿತೇ ಎಂಬುದು ಒಂದು, ಮನೆಯಲ್ಲಿ ಇಂಗ್ಲಿಷ್ ಆಡಿದರೆ ಇಂಗ್ಲಿಷ್ ಬರುತ್ತದೆಯೇ ಎಂಬುದು ಇನ್ನೊಂದು, ಕನ್ನಡವೆಂಬ ಮುಳುಗುವ ಹಡಗಿನಲ್ಲಿ ಮಗುವನ್ನು ಯಾಕೆ ಕೂರಿಸಬೇಕು ಎಂಬುದು ಮೂರನೆಯದು. ನಾಲ್ಕನೆಯದೂ ಒಂದಿದೆ. ಅದನ್ನು ನೀವು ಕೊನೆಗೆ, ನೆನಪಾಯಿತು ಎನ್ನುವಂತೆ ಬರೆದಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮನ್ನು ಅಳಿಸಿದ ಆ ವಾಕ್ಯ. ಇಂಗ್ಲಿಷಿನಲ್ಲಿ ನೀರು ಬೇಕಾದವನೇ ಕರ್ತೃ, ‘ಐ ವಾಂಟ್’. ಕನ್ನಡದಲ್ಲಿ ‘ನಾನು ಬೇಕು’ ಅಂದರೆ ಅರ್ಥವೇ ಬೇರೆಯಾಗುತ್ತದೆ, ‘ನನಗೆ ಬೇಕು’ ಅನ್ನಬೇಕು. ಮರಾಠಿಯಲ್ಲೂ ‘ನಾನು’ ಎನ್ನುವ ‘ಮೀ’ ನಡೆಯುವುದಿಲ್ಲ, ‘ಮಲಾ ಪಾಹಿಜೆ’. ಮಲಾ ಅಂದರೆ ನನಗೆ. ನಿಮ್ಮ ಮಗಳು ಮರಾಠಿಯಿಂದ ಪದ ತಂದಳು, ಆದರೆ ಕನ್ನಡದ ‘ಬೇಕು’ ಕೇಳುವ ಚತುರ್ಥಿ ವಿಭಕ್ತಿಯನ್ನೇ ತಂದಳು. ಇಂಗ್ಲಿಷಿನ ನಾಮಪದವನ್ನು ನಡುವೆ ಕೂರಿಸಿ ‘ಬೇಕು’ವನ್ನು ಕೊನೆಗೆ ಇಟ್ಟಳು. ‘ಐ ವಾಟರ್ ಬೇಕು’ ಎಂದಿದ್ದರೆ ನಾನೂ ಸ್ವಲ್ಪ ಯೋಚಿಸುತ್ತಿದ್ದೆ. ಮೂರು ಭಾಷೆಯ ಸಾಮಾನು, ಒಂದೇ ಕಟ್ಟಡ, ಒಂದು ಇಟ್ಟಿಗೆಯೂ ಜಾಗ ತಪ್ಪಿಲ್ಲ. ನಾಲ್ಕೂವರೆ ವರ್ಷಕ್ಕೆ ಇದು ಸಣ್ಣ ಕೆಲಸವಲ್ಲ. ನಿಮ್ಮ ಯಜಮಾನರು ನಕ್ಕದ್ದೇ ಸರಿ.

ನಾನು ವಾಕ್ ಮತ್ತು ಶ್ರವಣ ಚಿಕಿತ್ಸಕಿ. ಮೈಸೂರಿನಲ್ಲಿ ಕಲಿತು ಇಪ್ಪತ್ತಾರು ವರ್ಷಗಳಿಂದ ಮುಲುಂಡ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಮಾತು ತಡವಾಗಿದೆ ಎಂದು ಕರೆತರುವ ಮಕ್ಕಳಲ್ಲಿ ನಾವು ಮೊದಲು ನೋಡುವುದು, ಯಾವುದಾದರೂ ಒಂದು ಭಾಷೆಯಲ್ಲಿ ಮಗು ವಯಸ್ಸಿಗೆ ತಕ್ಕಷ್ಟು ಮಾತಾಡುತ್ತದೆಯೇ ಎಂದು. ನಿಜವಾದ ತೊಂದರೆ ಇದ್ದರೆ ಅದು ಎಲ್ಲ ಭಾಷೆಗಳಲ್ಲೂ ಕಾಣಿಸುತ್ತದೆ. ಶಾಲೆಯಲ್ಲಿ ಮಾತ್ರ ಹಾಜರಾಗಿ ಕಾಂಪೌಂಡಿನಲ್ಲಿ ಮಾಯವಾಗುವುದಿಲ್ಲ. ಕೆಳಗಿನ ಮಕ್ಕಳ ಜೊತೆ ಎರಡು ಭಾಷೆಯಲ್ಲಿ ಪಟಪಟ ಅನ್ನುವವಳಿಗೆ ಮಾತಿನ ತೊಂದರೆ ಇದೆ ಎಂದು ನಾನು ಬರೆದುಕೊಡಲಾರೆ. ಕ್ಲಾಸಿನ ಮೌನಕ್ಕೆ ನಮ್ಮಲ್ಲಿ ‘ಮೌನದ ಅವಧಿ’ ಎಂದೇ ಹೆಸರಿದೆ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರ, ಎಷ್ಟೋ ಸಲ ಕೆಲವು ತಿಂಗಳು, ಬರೀ ಕೇಳಿಸಿಕೊಳ್ಳುತ್ತದೆ. ನೀವು ಮದುವೆಯಾಗಿ ಬಂದ ಹೊಸತರಲ್ಲಿ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಎಷ್ಟು ಮರಾಠಿ ಮಾತಾಡಿದಿರಿ, ನೆನಪು ಮಾಡಿಕೊಳ್ಳಿ.

ಈ ‘ಕನ್‌ಫ್ಯೂಸ್’ ಎಂಬ ಮಾತಿಗೆ ನೂರು ವರ್ಷದ ಇತಿಹಾಸವಿದೆ. 1923ರಲ್ಲಿ ವೇಲ್ಸ್‌ನ ಸೇರ್ ಎಂಬವರು ಶಾಲಾಮಕ್ಕಳ ಬುದ್ಧಿಮತ್ತೆ ಅಳೆದು, ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಆಡುವ ಮಕ್ಕಳು ಹಿಂದೆ ಬೀಳುತ್ತಾರೆ ಎಂದು ಬರೆದರು. ಹಿಂದೆ ಬಿದ್ದದ್ದು ಹಳ್ಳಿಯ ಮಕ್ಕಳು. ಪೇಟೆಯ ದ್ವಿಭಾಷಿ ಮಕ್ಕಳಲ್ಲಿ ಆ ವ್ಯತ್ಯಾಸ ಇರಲಿಲ್ಲ. ಹಳ್ಳಿ, ಬಡತನ, ಶಾಲೆಯ ಗುಣಮಟ್ಟ ಎಲ್ಲದರ ಪಾಪವನ್ನೂ ಎರಡು ಭಾಷೆಯ ತಲೆಗೆ ಕಟ್ಟಿದಂತಾಯಿತು. 1962ರಲ್ಲಿ ಮಾಂಟ್ರಿಯಲ್‌ನ ಪೀಲ್ ಮತ್ತು ಲ್ಯಾಂಬರ್ಟ್ ಒಂದೇ ಬಗೆಯ ಮನೆಗಳಿಂದ ಬಂದ ಹತ್ತು ವರ್ಷದ ಮಕ್ಕಳನ್ನು ಹೋಲಿಸಿದಾಗ ಎರಡು ಭಾಷೆಯವರೇ ಮುಂದಿದ್ದರು. ಅಷ್ಟಕ್ಕೇ ನಾನು ಎರಡು ಭಾಷೆ ಕಲಿತರೆ ಮೆದುಳು ಚುರುಕು ಎಂದು ಟಾನಿಕ್ ಮಾರುವವಳಂತೆ ಹೇಳಲು ಹೋಗುವುದಿಲ್ಲ. ಆ ಬಗ್ಗೆ ನಮ್ಮವರಲ್ಲೇ ಒಮ್ಮತವಿಲ್ಲ. ಹಾನಿ ಇಲ್ಲ ಎಂಬುದರಲ್ಲಿ ಒಮ್ಮತವಿದೆ, ನಿಮ್ಮ ಪ್ರಶ್ನೆಗೆ ಅಷ್ಟು ಸಾಕು.

ಟೀಚರನ್ನು ಬೈಯಬೇಡಿ. ಒಂದು ಕ್ಲಾಸಿನಲ್ಲಿ ಮರಾಠಿ, ಗುಜರಾತಿ, ಭೋಜಪುರಿ, ಮಲಯಾಳ, ತುಳು ಮನೆಗಳ ನಲವತ್ತು ಮಕ್ಕಳನ್ನು ಕೂರಿಸಿಕೊಂಡವರಿಗೆ, ಎಲ್ಲರೂ ಮನೆಯಿಂದಲೇ ಇಂಗ್ಲಿಷ್ ಕಲಿತು ಬಂದರೆ ಸಾಕಪ್ಪ ಅನ್ನಿಸುವುದು ಸಹಜ. ಅವರ ಕಷ್ಟ ನಿಜ, ಔಷಧ ತಪ್ಪು.

ಯಾಕೆ ತಪ್ಪು ಎನ್ನುವುದಕ್ಕೆ ನನ್ನ ಕೋಣೆಯ ಒಂದು ಚಿತ್ರ. ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಅಡುಗೆ ಆಟಿಕೆ, ಎರಡು ಗೊಂಬೆ, ಚಕ್ರ ಮುರಿದ ಒಂದು ಬಸ್ಸು ಇಟ್ಟಿದ್ದೇನೆ. ತಾಯಿಗೆ ಹೇಳುತ್ತೇನೆ, ಹತ್ತು ನಿಮಿಷ ಮಗುವಿನ ಜೊತೆ ಇಂಗ್ಲಿಷಿನಲ್ಲಿ ಆಡಿ, ಆಮೇಲೆ ಹತ್ತು ನಿಮಿಷ ನಿಮ್ಮ ಭಾಷೆಯಲ್ಲಿ. ನಾನು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತೇನೆ. ನಿಮ್ಮ ಹಾಗೆಯೇ ಕನ್ನಡ ಮೀಡಿಯಮ್ಮಿನಲ್ಲಿ ಓದಿದ ತಾಯಿಯೊಬ್ಬರ ಇಂಗ್ಲಿಷ್ ಹತ್ತು ನಿಮಿಷದಲ್ಲಿ ಬಂದದ್ದು ಇಷ್ಟು: ‘ವಾಟ್ ಈಸ್ ದಿಸ್? ವಾಟ್ ಕಲರ್? ಪುಟ್ ಹಿಯರ್. ನೋ ನೋ. ಗುಡ್ ಬಾಯ್.’ ಮತ್ತೆ ‘ವಾಟ್ ಕಲರ್?’ ಮಗು ಬಣ್ಣದ ಹೆಸರು ಹೇಳಿ ಸುಮ್ಮನಾಯಿತು. ಆಮೇಲೆ ಕನ್ನಡಕ್ಕೆ ತಿರುಗಿದರು. ‘ಅಯ್ಯ, ಬಸ್ಸಿಗೆ ಗಾಲೀನ ಇಲ್ಲಲ್ಲೋ! ಈಗ ಗೊಂಬಿ ಅಜ್ಜಿ ಊರಿಗೆ ಹೆಂಗ ಹೋಗತೈತಿ? ನಡಕೊಂತ ಹೋದ್ರ ಕಾಲ್ ನೋಯಂಗಿಲ್ಲೇನು? ನಡುವ ಮಳಿ ಬಂತಂದ್ರ?’ ಮಗು ಎದ್ದು ನಿಂತು ಕೊಡೆ ಹುಡುಕತೊಡಗಿತು.

ಆ ಕನ್ನಡದಲ್ಲಿ ಕಾರಣವಿದೆ, ‘ಹೀಗಾದರೆ’ ಇದೆ, ಇನ್ನೊಬ್ಬರ ಕಾಲು ನೋಯುತ್ತದೆ ಎಂಬ ಊಹೆ ಇದೆ, ಕಥೆಯೊಂದು ಹುಟ್ಟುವ ಜಾಗವಿದೆ. ಮೂರನೆಯ, ನಾಲ್ಕನೆಯ ತರಗತಿಯಲ್ಲಿ ಪಾಠ ಅರ್ಥವಾಗಲು ಬೇಕಾದ ಸರಕು ಇದೇ. ಆ ತಾಯಿ ಇಂಗ್ಲಿಷಿಗೆ ತಿರುಗಿದ ದಿನದಿಂದ ಮಗುವಿಗೆ ಇಂಗ್ಲಿಷ್ ಸಿಕ್ಕದ್ದು ಅಷ್ಟರಲ್ಲೇ ಇದೆ, ಕಳೆದುಕೊಂಡದ್ದು ಬಹಳ. ನಿಮ್ಮ ಮನೆಯಲ್ಲೂ ಮೂರು ತಿಂಗಳಿಂದ ಹೀಗೇ ನಡೆದಿರಬಹುದು ಎಂದು ನನ್ನ ಅನುಮಾನ. ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ ನೀವೇ ಕೇಳಿ.

ಕೆನಡಾದ ಜಿಮ್ ಕಮಿನ್ಸ್ ಎಂಬ ಸಂಶೋಧಕರು 1979ರಿಂದ ಹೇಳುತ್ತ ಬಂದದ್ದು ನಮ್ಮ ಕೆಲಸದಲ್ಲಿ ದಿನವೂ ಉಪಯೋಗಕ್ಕೆ ಬರುತ್ತದೆ. ಹೊಸ ಭಾಷೆಯಲ್ಲಿ ಆಟದ, ಅಂಗಡಿಯ ಮಾತು ಸುಮಾರು 2 ವರ್ಷದಲ್ಲಿ ಬರುತ್ತದೆ. ಪಾಠ ಓದಿ, ತರ್ಕ ಮಾಡಿ, ಉತ್ತರ ಬರೆಯುವ ಭಾಷೆಗೆ 5ರಿಂದ 7 ವರ್ಷ ಬೇಕು. ಒಂದು ಭಾಷೆಯಲ್ಲಿ ಗಟ್ಟಿಯಾದ ಆಲೋಚನೆ ಇನ್ನೊಂದಕ್ಕೆ ದಾಟಿಬರುತ್ತದೆ. ಲ್ಯಾಂಬರ್ಟ್ 1974ರಲ್ಲಿ ಎರಡು ದಾರಿಗಳನ್ನು ಬೇರ್ಪಡಿಸಿದರು: ಇರುವ ಭಾಷೆಯ ಮೇಲೆ ಇನ್ನೊಂದನ್ನು ಕೂಡಿಸುವುದು, ಇರುವುದನ್ನು ಕಳೆದು ಇನ್ನೊಂದನ್ನು ಇಡುವುದು. ನಿಮ್ಮ ಮನೆಯಲ್ಲಿ ತಿಳಿಯದೇ ಕಳೆಯುವ ಲೆಕ್ಕ ಶುರುವಾಗಿದೆ.

ಇನ್ನು ಆ ನುಂಗುವ ಮಾತು. 2011ರ ಜನಗಣತಿಯಲ್ಲಿ ಇಂಗ್ಲಿಷೇ ತನ್ನ ತಾಯಿನುಡಿ ಎಂದು ಬರೆಸಿದವರು ಇಡೀ ದೇಶದಲ್ಲಿ ಸುಮಾರು 2.6 ಲಕ್ಷ. ಅದರಲ್ಲಿ ಲಕ್ಷಕ್ಕೂ ಹೆಚ್ಚು ಜನ ನಮ್ಮ ಈ ಮಹಾರಾಷ್ಟ್ರದವರೇ. ಕನ್ನಡ ಎಂದು ಬರೆಸಿದವರು 4.37 ಕೋಟಿ, ಮಹಾರಾಷ್ಟ್ರದಲ್ಲೇ ಸುಮಾರು 10 ಲಕ್ಷ. ಇಂಗ್ಲಿಷನ್ನು ಎರಡನೆಯ ಅಥವಾ ಮೂರನೆಯ ಭಾಷೆ ಎಂದವರು 12 ಕೋಟಿಗೂ ಹೆಚ್ಚು. ಎಂದರೆ ಇಂಗ್ಲಿಷ್ ಇಲ್ಲಿ ಹರಡಿರುವುದು ಮೇಲ್ಮಹಡಿಯಾಗಿ. ಆಫೀಸು, ಹೈಕೋರ್ಟು, ಮೆಡಿಕಲ್ ಕಾಲೇಜು, ಕಂಪ್ಯೂಟರು ಆ ಮಹಡಿಯಲ್ಲಿವೆ. 4 ಕೋಟಿ ಜನ ಆಡುವ ಭಾಷೆ ಐವತ್ತು ವರ್ಷದಲ್ಲಿ ಸಾಯುವುದಿಲ್ಲ. ಆದರೆ ಮೇಲಿನ ಕೋಣೆಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತ ಬಂದಿದೆ ಎಂಬುದು ಸುಳ್ಳಲ್ಲ. ಭಿನ್ನರಾಶಿಯನ್ನು ಕನ್ನಡದಲ್ಲಿ ವಿವರಿಸಿ ಅಂದರೆ ನನಗೇ ನಾಲಿಗೆ ತಡವರಿಸುತ್ತದೆ.

ಬರೀ ಪದ ಬೆರೆತರೆ ಭಾಷೆ ಕೆಡುತ್ತದೆ ಎಂಬ ಭಯ ಬಿಡಿ. ಮೇಜು, ಚಾವಿ, ಸಾಬೂನು ಬಂದದ್ದು ಪೋರ್ಚುಗೀಸರಿಂದ. ತಾರೀಖು, ಜಮೀನು, ಕಾಗದ ಅರಬ್ಬಿ-ಫಾರಸಿಯಿಂದ. ಕನ್ನಡ ಅವಕ್ಕೆಲ್ಲ ಒಂದು ‘ಉ’ ಹಚ್ಚಿಯೋ, ಒಂದು ವಿಭಕ್ತಿ ತೊಡಿಸಿಯೋ ಮನೆಯವರನ್ನಾಗಿ ಮಾಡಿಕೊಂಡಿತು. ಬಸ್ಸು, ಕಾರು, ಲೈಟು ಎಲ್ಲ ಅದೇ ಸಾಲಿನವು.

ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ ಎಂಬ ಭಾಷಾವಿಜ್ಞಾನಿಗಳು 1971ರಲ್ಲಿ ಬರೆದ ಲೇಖನ ಜಗತ್ತಿನ ಭಾಷಾವಿಜ್ಞಾನ ತರಗತಿಗಳಲ್ಲೆಲ್ಲ ಪಾಠವಾಗಿದೆ. ಅಲ್ಲಿ ಜೈನರು, ಲಿಂಗಾಯತರು ಕನ್ನಡ, ಮುಸ್ಲಿಮರು ಉರ್ದು, ಇನ್ನು ಕೆಲವರು ಮರಾಠಿ, ತೆಲುಗು. ಶತಮಾನಗಳ ಕಾಲ ಹೊಲದಲ್ಲಿ, ಕಟ್ಟೆಯ ಮೇಲೆ ಒಟ್ಟಿಗೆ ಮಾತಾಡಿ ಮಾತಾಡಿ ಈ ಭಾಷೆಗಳ ವಾಕ್ಯರಚನೆ ಎಷ್ಟು ಹೊಂದಿಕೊಂಡಿತೆಂದರೆ, ಪದಕ್ಕೆ ಪದ ಬದಲಿಸಿದರೆ ಒಂದರ ವಾಕ್ಯ ಇನ್ನೊಂದರದ್ದಾಗುತ್ತಿತ್ತು. ಹಾಗಿದ್ದೂ ಒಂದೂ ಭಾಷೆ ಇಲ್ಲವಾಗಲಿಲ್ಲ, ಯಾಕೆಂದರೆ ಹೊಸ್ತಿಲ ಒಳಗೆ ಪ್ರತಿ ಮನೆಯೂ ತನ್ನದನ್ನೇ ಆಡುತ್ತಿತ್ತು. ‘ಮಲಾ ವಾಟರ್ ಬೇಕು’ ಎಂಬುದಕ್ಕೆ ಬಹಳ ದೊಡ್ಡ ವಂಶವೃಕ್ಷವಿದೆ, ನೋಡಿ.

ಗೋವೆಯದೂ ಹೀಗೇ. 1684ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಕೊಂಕಣಿಯನ್ನು ನಿಷೇಧಿಸಿ, ಮೂರು ವರ್ಷದೊಳಗೆ ಎಲ್ಲರೂ ಪೋರ್ಚುಗೀಸ್ ಕಲಿಯಬೇಕು ಎಂದು ಆಜ್ಞೆ ಹೊರಡಿಸಿದ. ಆಜ್ಞೆ ಅಡುಗೆಮನೆಗೆ ಹೋಗಲಿಲ್ಲ. 1987ರಲ್ಲಿ ಕೊಂಕಣಿ ಅಲ್ಲಿ ರಾಜಭಾಷೆಯಾಯಿತು. ಗೋವೆ ಬಿಟ್ಟು ನಮ್ಮ ಕರಾವಳಿಗೆ ಬಂದವರ ಮನೆಗಳಲ್ಲಿ ಇಂದಿಗೂ ಮಕ್ಕಳನ್ನು ಕೊಂಕಣಿಯಲ್ಲೇ ಗದರುತ್ತಾರೆ.

ಐರ್ಲೆಂಡ್ ಇದರ ಉಲ್ಟಾ. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಗುವಿನ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಷ್ ಮಾತಾಡಿದಾಗಲೆಲ್ಲ ಅದರ ಮೇಲೆ ಒಂದು ಗೀರು. ಶಾಲೆಯಲ್ಲಿ ಗೀರು ಎಣಿಸಿ ಏಟು. ಮನೆಯಲ್ಲಿ ಆ ಗೀರು ಹಾಕುತ್ತಿದ್ದವರು ತಂದೆತಾಯಿಯರು. ಅವರೇನು ಕಟುಕರಲ್ಲ. ಬರಗಾಲ, ಹಡಗು, ಅಮೆರಿಕ, ಇಂಗ್ಲಿಷ್ ಬಾರದಿದ್ದರೆ ಮಗು ಹಸಿವಿನಿಂದ ಸಾಯುತ್ತದೆ ಎಂಬ ಹೆದರಿಕೆ. ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು ಆ ತಾಯಂದಿರೇ. ಇಂಗ್ಲಿಷ್ ಕಲಿಸಿದ್ದು ಅವರ ತಪ್ಪಲ್ಲ. ಇಂಗ್ಲಿಷ್ ಕಲಿಸಲು ಐರಿಷ್ ಬಿಡಿಸಬೇಕು ಎಂದು ನಂಬಿದ್ದರು, ಆ ನಂಬಿಕೆ ತಪ್ಪಾಗಿತ್ತು.

ಒಂದು ಅಡ್ಡಮಾತು. ಸಣ್ಣ ಭಾಷೆಗಳನ್ನು ನುಂಗುವುದು ಯಾವಾಗಲೂ ಇಂಗ್ಲಿಷೇ ಅಲ್ಲ. ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿ ತುಳು, ಕೊಡವ, ಕೊರಗ ಭಾಷೆಗಳಿವೆ. ಅವುಗಳ ಜಾಗವನ್ನು ಶಾಲೆ, ಕಚೇರಿಗಳಲ್ಲಿ ಮೊದಲು ಹಿಡಿದದ್ದು ನಮ್ಮ ಕನ್ನಡ. ಇಂಗ್ಲಿಷನ್ನು ರಾಕ್ಷಸ ಅನ್ನುವಾಗ ನಾನು ದನಿ ಸ್ವಲ್ಪ ತಗ್ಗಿಸುವುದು ಇದಕ್ಕೇ.

ಈಗ ನೀವು ಏನು ಮಾಡಬಹುದು? ಈಗಿನಂತೆ ಇಂಗ್ಲಿಷ್ ಒಂದನ್ನೇ ಮುಂದುವರಿಸಬಹುದು. ಇದರ ಅಪಾಯ ಹೇಳಿಯಾಯಿತು: ತೆಳು ಇಂಗ್ಲಿಷ್, ಮೂಕಿ ಅಜ್ಜಿ. ನೀವಿಬ್ಬರೂ ಇಂಗ್ಲಿಷಿನಲ್ಲೇ ಜಗಳವಾಡಿ ಇಂಗ್ಲಿಷಿನಲ್ಲೇ ರಾಜಿಯಾಗುವವರಾಗಿದ್ದರೆ ನನ್ನ ಮಾತು ಬೇರೆಯಾಗುತ್ತಿತ್ತು.

‘ಒಬ್ಬರಿಗೆ ಒಂದು ಭಾಷೆ’ ಎಂಬ ಪದ್ಧತಿಯೂ ಇದೆ. ಫ್ರಾನ್ಸಿನ ರೋಂಜಾ ಎಂಬ ಪಂಡಿತ ತಾನು ಫ್ರೆಂಚ್, ಹೆಂಡತಿ ಜರ್ಮನ್ ಎಂದು ಹಂಚಿಕೊಂಡು ಮಗನನ್ನು ಬೆಳೆಸಿ 1913ರಲ್ಲಿ ಅದನ್ನು ಪುಸ್ತಕ ಮಾಡಿದ. ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಇದನ್ನೇ ಹೇಳುತ್ತಾರೆ. ಡೊಂಬಿವಲಿಯಲ್ಲಿ ಇದರ ಕಷ್ಟ ಟೈಮ್‌ಟೇಬಲಿನದು. ಬೆಳಿಗ್ಗೆ 7.20ರ ಫಾಸ್ಟ್ ಲೋಕಲ್ ಹಿಡಿದು ರಾತ್ರಿ ಒಂಬತ್ತೂವರೆಗೆ ಬರುವ ಅಪ್ಪನ ಪಾಲಿಗೆ ಕನ್ನಡ ಕೊಟ್ಟರೆ, ಮಗುವಿಗೆ ವಾರಕ್ಕೆ ಒಂದು ಭಾನುವಾರದ ಕನ್ನಡ ಸಿಕ್ಕುತ್ತದೆ. ಅದೂ ಅವರು ನಿದ್ದೆ ಮಾಡದಿದ್ದರೆ.

ಕನ್ನಡ ಮೀಡಿಯಂ ಶಾಲೆಗೇ ಹಾಕುವುದೂ ಒಂದು ದಾರಿ. ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ಒಂದು ತಲೆಮಾರೇ ಈ ಊರಲ್ಲಿದೆ. ಮುಂಬಯಿ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. ಆದರೆ ನೀವಿರುವುದು ಆ ಪಾಲಿಕೆಯ ಹೊರಗೆ, ಮಗು ಒಂದು ಶಾಲೆಯಲ್ಲಿ ಈಗಷ್ಟೇ ನೆಲೆಯೂರುತ್ತಿದೆ. ಮುಂದೆ ಹೈಸ್ಕೂಲಿಗೆ, ಕಾಲೇಜಿಗೆ ಎಲ್ಲಿ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಇಲ್ಲದೆ ಹಾಕಿ ಎಂದು ನಾನು ಹೇಳಲಾರೆ.

ನಾನು ನಿಮಗೆ ಹೇಳುವುದು ಇದು: ಶಾಲೆಗೆ ಇಂಗ್ಲಿಷ್ ಬಿಡಿ, ಕಾಂಪೌಂಡಿಗೆ ಮರಾಠಿ ಹಿಂದಿ ಬಿಡಿ, ಬಾಗಿಲ ಒಳಗೆ ಕನ್ನಡ. ಇಂದು ಸಂಜೆಯಿಂದಲೇ. ಯಾವ ಕನ್ನಡ ಎಂದು ಕೇಳಬೇಡಿ. ನೀವು ‘ಏನ್ ಮಾಡಾಕತ್ತಿ’ ಅನ್ನಿ, ಅತ್ತೆ ‘ಉಂಬುಕೆ ಬಾ ಮಗಾ’ ಅನ್ನಲಿ, ಮಗು ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಳ್ಳುತ್ತದೆ. ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದರೆ ತಿದ್ದಬೇಡಿ, ‘ಕನ್ನಡದಲ್ಲಿ ಹೇಳು’ ಎಂದು ಊಟ ತಡೆಯಬೇಡಿ. ಅವಳು ‘ಅಜ್ಜಿ, ಡಾಗ್ ಕಮಿಂಗ್’ ಅಂದರೆ ‘ಹೌದು, ನಾಯಿ ಬಂತು, ಬಾಲ ಕಾಣ್’ ಎಂದು ಅಜ್ಜಿ ಮುಂದುವರಿಸಲಿ. ಈ ದಾರಿಗೂ ಅಪಾಯವಿದೆ. ಏಳೆಂಟು ವರ್ಷಕ್ಕೆ ಬಂದಾಗ ಗೆಳತಿಯರ ಮುಂದೆ ನಾಚಿಕೆಯಾಗಿ ಕನ್ನಡ ಬೇಡ ಅನ್ನುತ್ತಾಳೆ, ಹೆಚ್ಚಿನವರು ಅನ್ನುತ್ತಾರೆ. ಆಗ ನೀವು ನಿಮ್ಮ ಕನ್ನಡ ಬಿಡದಿದ್ದರೆ ಸಾಕು, ಅವಳದನ್ನು ಎಳೆಯುವುದು ಬೇಡ.

ಅತ್ತೆಯವರ ವಿಷಯವನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಿ. ನ್ಯೂಜಿಲೆಂಡಿನಲ್ಲಿ ಮೂಲನಿವಾಸಿಗಳ ಮಾವೊರಿ ಭಾಷೆ ತೊಟ್ಟಿಲಿನಿಂದ ತಪ್ಪಿಹೋಗುತ್ತಿದೆ ಎಂದಾದಾಗ ಆ ಜನ 1982ರಲ್ಲಿ ತೆರೆದದ್ದು ‘ಭಾಷೆಯ ಗೂಡು’ಗಳನ್ನು. ಪುಟ್ಟ ಮಕ್ಕಳನ್ನು ಮಾವೊರಿ ಬಲ್ಲ ಅಜ್ಜ ಅಜ್ಜಿಯರ ಜೊತೆ ಬಿಡುವುದು, ಅಷ್ಟೇ ಉಪಾಯ. ನಿಮ್ಮಲ್ಲಿ ಆ ಗೂಡು ನಡುಮನೆಯಲ್ಲೇ ಟಿವಿ ನೋಡುತ್ತ ಕೂತಿದೆ. ನೀವು ಇಂಗ್ಲಿಷ್ ನಿಯಮ ಮಾಡಿದಾಗ ಅವರಿಗೆ ಏನನ್ನಿಸಿತು ಎಂದು ಯಾರೂ ಕೇಳಿರಲಾರರು. ‘ಅತ್ತೆ, ನಮ್ಮದು ತಪ್ಪಾಯಿತು, ಅವಳಿಗೆ ನೀವೇ ಊಟ ಮಾಡಿಸಿ’ ಎಂದು ನೀವೇ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಅಕ್ಷರಕ್ಕೆ ಅವಸರವಿಲ್ಲ. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ, ಹಾಗಾಗಿ ದೇವನಾಗರಿ ಹೇಗೂ ಬರುತ್ತದೆ. ಅದು ಬಂತೆಂದರೆ ಕನ್ನಡದ ವರ್ಣಮಾಲೆಯ ಅರ್ಧ ದಾರಿ ಸವೆದಂತೆ. ಅದೇ ಕ ಖ ಗ ಘ, ಅದೇ ಕಾಗುಣಿತ, ಆಕಾರ ಮಾತ್ರ ಹೊಸದು. ಎ-ಏ, ಒ-ಓ ನಡುವಿನ ಹ್ರಸ್ವ-ದೀರ್ಘ ಮಾತ್ರ ಹೊಸದಾಗಿ ಹೇಳಿಕೊಡಬೇಕು. ಮರಾಠಿಯಲ್ಲಿ ‘ಳ’ ಇರುವುದು ನಮ್ಮ ಪುಣ್ಯ. ಹಿಂದಿ ಮಾತ್ರ ಕೇಳಿ ಬೆಳೆದ ನಮ್ಮ ಮಕ್ಕಳು ‘ಬಾಲೆಹಣ್ಣು’ ಅನ್ನುತ್ತಾರೆ. ನಿಮ್ಮವಳು ಅನ್ನಲಿಕ್ಕಿಲ್ಲ. ಆರು, ಏಳು ವರ್ಷಕ್ಕೆ ಹತ್ತಿರದ ಕನ್ನಡ ಸಂಘದ ಭಾನುವಾರದ ಕ್ಲಾಸಿಗೆ ಕಳಿಸಿ. ಓದು ಕಲಿಯಲು ಆ ಒಂದು ಗಂಟೆ ಸಾಕು, ಮಾತು ಕಲಿಯಲು ಸಾಲದು.

ಶಾಲೆಯ ಡೈರಿಯಲ್ಲಿ ಎರಡೇ ಸಾಲು ಬರೆಯಿರಿ: ಮಗು ಮನೆಯಲ್ಲಿ ಕನ್ನಡದಲ್ಲಿ ಚೆನ್ನಾಗಿ ಮಾತಾಡುತ್ತಾಳೆ, ತಜ್ಞರ ಸಲಹೆಯಂತೆ ಮುಂದುವರಿಸುತ್ತೇವೆ, ಕ್ಲಾಸಿನಲ್ಲಿ ಉತ್ತರಕ್ಕೆ ಒತ್ತಾಯಿಸದೆ ಒಬ್ಬ ಮಾತುಗಾರ ಗೆಳತಿಯ ಪಕ್ಕ ಕೂರಿಸಿ. ದೀಪಾವಳಿ ರಜೆ ಕಳೆದು ಇನ್ನೂ ಎರಡು ಮೂರು ತಿಂಗಳಾದರೂ ಶಾಲೆಯಲ್ಲಿ ಪಿಸುಮಾತೂ ಇಲ್ಲವೆಂದರೆ, ಮರಾಠಿ ಹಿಂದಿ ಬಲ್ಲ ಆಯಾ ಜೊತೆಯೂ ಬಾಯಿ ಬಿಡುವುದಿಲ್ಲವೆಂದರೆ, ಅದು ಭಾಷೆಯ ವಿಷಯವಲ್ಲ. ಆಗ ಒಬ್ಬ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಿರಿ.

ಇನ್ನು ನೀವು ಕೊನೆಗೆ ಬರೆದ ಆ ನೆಗಡಿ. ನೆಗಡಿಯಾದಾಗ ಮಾತ್ರ ತಿರುಗಿ ನೋಡದ ಮಗು ಹಟಮಾರಿಯಾಗಿರಬೇಕಿಲ್ಲ, ಮಧ್ಯಕಿವಿಯಲ್ಲಿ ದ್ರವ ತುಂಬಿರಬಹುದು. ಈ ವಯಸ್ಸಿನಲ್ಲಿ ಇದು ತೀರಾ ಸಾಮಾನ್ಯ, ನೋವೂ ಇರುವುದಿಲ್ಲ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ಮಗುವಿಗೆ ಮಾತು ನೀರಿನೊಳಗಿಂದ ಕೇಳಿದ ಹಾಗೆ ಕೇಳಿಸುತ್ತದೆ. ಗೊತ್ತಿರುವ ಭಾಷೆಯಲ್ಲಾದರೆ ಊಹಿಸಿಕೊಳ್ಳುತ್ತದೆ, ಗದ್ದಲದ ಕ್ಲಾಸಿನಲ್ಲಿ ಹೊಸ ಭಾಷೆಯಾದರೆ ಸುಮ್ಮನೆ ಕೂರುತ್ತದೆ. ಈ ವಾರವೇ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ, ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಆಡಿಯೋಮೆಟ್ರಿ ಮತ್ತು ಮಧ್ಯಕಿವಿಯನ್ನು ನೋಡುವ ಟಿಂಪಾನೋಮೆಟ್ರಿ ಎಂಬ ಎರಡು ಪರೀಕ್ಷೆ ಮಾಡಿಸಿ. ಎರಡನೆಯದಕ್ಕೆ ಕೆಲವೇ ನಿಮಿಷ ಸಾಕು, ಸೂಜಿಯಿಲ್ಲ. ಹೋಗುವಾಗ ಅತ್ತೆಯವರನ್ನು ಕರೆದುಕೊಂಡು ಹೋಗಿ. ಯಾವ ದಿನ ಯಾವ ಕಡೆಯಿಂದ ಕರೆದರೆ ಮಗು ತಿರುಗುವುದಿಲ್ಲ ಎಂದು ಡಾಕ್ಟರ್ ಕೇಳುತ್ತಾರೆ, ಹಗಲೆಲ್ಲ ಮನೆಯಲ್ಲಿರುವವರು ಅವರು.